ಪ್ಯಾಟ್ರಿಕ್ ಹೆನ್ರಿಯ ಭಾಷಣ ಬರೆದುಕೊಂಡವರು ಯಾರು?

ಪ್ರಶ್ನೆ: "ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ" ಅಂತ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪ್ಯಾಟ್ರಿಕ್ ಹೆನ್ರಿ ಮಾಡಿದ ಭಾಷಣದ ಮೂಲ ಪ್ರತಿ ಎಲ್ಲಿದೆ? ಅದನ್ನು ಬರೆದುಕೊಂಡವರು ಯಾರು?

ಉತ್ತರ: ಮೂಲ ಪ್ರತಿ ಇಲ್ಲ. ಬರೆದುಕೊಂಡವರೂ ಇಲ್ಲ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹೀಗೆ ಚುಟುಕಾಗಿ ಹೇಳಿದಾಗಲೆಲ್ಲ, "ಪುಸ್ತಕದಲ್ಲಿ ಪೂರ್ತಿ ಭಾಷಣ ಇದೆಯಲ್ಲ ಸಾರ್?" ಅಂತ ಮರುಪ್ರಶ್ನೆ ಬರುತ್ತದೆ. ಇದೆ, ನಿಜ. ಅದನ್ನು ಬರೆದವನು ವಿಲಿಯಂ ವರ್ಟ್. ಭಾಷಣ ನಡೆದ ದಿನ ಅವನು ಎರಡು ವರ್ಷದ ಮಗು.

ವರ್ಟ್ ಹುಟ್ಟಿದ್ದು 1772ರಲ್ಲಿ, ಮೇರಿಲ್ಯಾಂಡಿನ ಬ್ಲಾಡೆನ್ಸ್‌ಬರ್ಗ್‌ನಲ್ಲಿ. ಅಪ್ಪ ಸ್ವಿಟ್ಜರ್ಲೆಂಡಿನಿಂದ ಬಂದವನು, ಅಮ್ಮ ಜರ್ಮನ್. ಎಂಟು ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಇಲ್ಲ. ಚಿಕ್ಕಂದಿನಿಂದ ನೆಂಟರ ಆಸರೆಯಲ್ಲಿ ಬೆಳೆದು, 1792ರಲ್ಲಿ ವರ್ಜೀನಿಯಾದಲ್ಲಿ ವಕೀಲಿ ಶುರು ಮಾಡಿದ. 1808ರಲ್ಲಿ ಅಲ್ಲಿನ ಶಾಸನಸಭೆಗೆ ಆರಿಸಿಬಂದ. 1817ರಿಂದ 1829ರವರೆಗೆ ದೇಶದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲ. ಅಷ್ಟು ಕಾಲ ಆ ಕುರ್ಚಿಯಲ್ಲಿ ಕೂತವರು ಇನ್ನೊಬ್ಬರಿಲ್ಲ.

ಇವನಿಗೆ ಹೆನ್ರಿಯ ಜೀವನಚರಿತ್ರೆ ಬರೆಯುವ ಹುಚ್ಚು ಹತ್ತಿತು. ಕೋರ್ಟು ಕಚೇರಿಗಳ ನಡುವೆ ವರ್ಷಗಟ್ಟಲೆ ಎಳೆದು, 1817ರಲ್ಲಿ ಪುಸ್ತಕ ಹೊರತಂದ. ಹೆನ್ರಿ 1799ರಲ್ಲೇ ತೀರಿಕೊಂಡಿದ್ದ. ಭಾಷಣ ನಡೆದದ್ದು 1775ರ ಮಾರ್ಚ್ 23ರಂದು, ವರ್ಜೀನಿಯಾದ ರಿಚ್ಮಂಡಿನ ಒಂದು ಚರ್ಚಿನಲ್ಲಿ. ಲೆಕ್ಕ ಹಾಕಿ, 42 ವರ್ಷದ ಅಂತರ. ಮದುವೆ ಮನೆಯಲ್ಲಿ ನಡೆದ ಜಗಳದಲ್ಲಿ ಯಾರು ಏನಂದರು ಅಂತ ನಲವತ್ತು ವರ್ಷದ ಮೇಲೆ ನಿಮ್ಮ ಚಿಕ್ಕಪ್ಪನನ್ನು ಕೇಳಿ ನೋಡಿ. ಯಾರು ಕೂಗಾಡಿದರು ಅಂತ ಹೇಳಿಯಾರು. ಪದಕ್ಕೆ ಪದ ಹೇಳಲು ಆಗುತ್ತದಾ?

ಹಾಗಂತ ವರ್ಟ್ ಎಲ್ಲವನ್ನೂ ಸುಮ್ನೆ ಕಟ್ಟಿ ಬರೆದ ಅನ್ನುವುದೂ ತಪ್ಪು. ವಕೀಲನಲ್ವಾ, ಸಾಕ್ಷಿಗಳನ್ನು ಹುಡುಕಿದ. ಅಂದು ಭಾಷಣ ಕೇಳಿದ್ದ ಸೇಂಟ್ ಜಾರ್ಜ್ ಟಕರ್ ಆ ಹೊತ್ತಿಗೆ ದೊಡ್ಡ ನ್ಯಾಯಾಧೀಶ. ಅವನು ತನ್ನ ನೆನಪನ್ನು ಕಾಗದದಲ್ಲಿ ಬರೆದು ಕಳಿಸಿದ. ಭಾಷಣವನ್ನು ಹೆಚ್ಚುಕಡಿಮೆ ಪೂರ್ತಿ ನಿಮ್ಮಿಂದಲೇ ತಗೊಂಡಿದ್ದೇನೆ ಅಂತ 1815ರಲ್ಲಿ ವರ್ಟ್ ಅವನಿಗೆ ಬರೆದಿದ್ದಾನೆ. ಆದರೆ ಟಕರ್ ಬರೆದ ಆ ಕಾಗದ ಈಗ ಸಿಗುವುದಿಲ್ಲ. ಎಲ್ಲಿಯವರೆಗೆ ಟಕರ್, ಎಲ್ಲಿಂದ ವರ್ಟ್ ಅಂತ ಗೆರೆ ಎಳೆಯುವುದು ಹೇಗೆ?

ವರ್ಟ್‌ನ ಪುಸ್ತಕವನ್ನೇ ತೆರೆದು ನೋಡಿ. ಭಾಷಣದ ಮೊದಲ ಸಾಲಿನ ಧಾಟಿ ಹೀಗಿದೆ: ಈಗ ಮಾತಾಡಿದ ಮಹನೀಯರ ದೇಶಪ್ರೇಮದ ಬಗ್ಗೆ ತನಗಿಂತ ಹೆಚ್ಚು ಗೌರವ ಇರುವವರು ಯಾರೂ ಇಲ್ಲ ಎಂದು ಅವನು ಹೇಳಿದನು. 'ನನಗಿಂತ' ಅಲ್ಲ, 'ತನಗಿಂತ'. ಅಂದರೆ ಇದು ವರದಿ. ಮುಂದೆ ಹೋದಂತೆ ವರ್ಟ್ ಮೈಮರೆತು ಹೆನ್ರಿಯ ಬಾಯಿಂದಲೇ ಆಡಿಸುತ್ತಾನೆ. ಆಮೇಲೆ ಬಂದ ಶಾಲಾ ಪುಸ್ತಕಗಳು ಮೊದಲ ಸಾಲನ್ನೂ 'ನನಗಿಂತ' ಅಂತ ತಿದ್ದಿಕೊಂಡವು. ಹೊಲಿಗೆಯ ಗುರುತು ಅಳಿಸಿಹೋಯಿತು.

ಇನ್ನೊಂದು ಸಾಕ್ಷಿ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಭಾಷಣವಾಗಿ ಎರಡು ವಾರಕ್ಕೆ, 1775ರ ಏಪ್ರಿಲ್ 6ರಂದು, ಜೇಮ್ಸ್ ಪಾರ್ಕರ್ ಎಂಬ ವ್ಯಾಪಾರಿ ಒಂದು ಕಾಗದ ಬರೆದ. ಅವನು ಬ್ರಿಟಿಷ್ ರಾಜನ ಕಡೆಯವನು. ಹೆನ್ರಿ ರಾಜನನ್ನು ನಿರಂಕುಶ, ಮೂರ್ಖ, ಮಂತ್ರಿಗಳ ಕೈಗೊಂಬೆ ಅಂತೆಲ್ಲ ಬೈದ ಎಂದು ಉರಿದುಬೀಳುತ್ತಾನೆ. ವರ್ಟ್ ಕೊಟ್ಟ ಪಾಠದಲ್ಲಿ ಇಂಥ ಬೈಗುಳ ಒಂದೂ ಇಲ್ಲ. ಅಲ್ಲಿರುವುದು ಘನ ಗಂಭೀರ ಮಾತು. ನಿಜವಾದ ಭಾಷಣ ಇನ್ನೂ ಖಾರವಾಗಿತ್ತು ಅಂತಲೇ ನನ್ನ ಅನಿಸಿಕೆ.

ಕೊನೆಯ ಸಾಲಂತೂ ಹೆನ್ರಿಯದೇ ತಾನೇ, ಅಂತ ಕೇಳುತ್ತೀರಿ. ಇರಬಹುದು. ಜನ ನೆನಪಿಟ್ಟುಕೊಳ್ಳುವುದು ಅಂಥ ಸಾಲನ್ನೇ. ಆದರೆ 'ಸ್ವಾತಂತ್ರ್ಯ ಅಥವಾ ಸಾವು' ಅನ್ನುವ ಮಾತು 1713ರ ಒಂದು ಇಂಗ್ಲಿಷ್ ನಾಟಕದಲ್ಲೇ ಇದೆ, ಮತ್ತು ಆ ನಾಟಕ ಅಮೆರಿಕದಲ್ಲಿ ಮನೆಮಾತಾಗಿತ್ತು. ಹೆನ್ರಿಗೂ ಗೊತ್ತಿದ್ದೀತು, ಟಕರ್‌ಗೂ, ವರ್ಟ್‌ಗೂ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಹೆನ್ರಿಯ ಸ್ವಂತ ಮಾತು ಬೇಕೆಂದರೆ ಎಲ್ಲಿ ಹೋಗಬೇಕು? ಆಗ ವರ್ಜೀನಿಯಾದಲ್ಲಿ ಡೇವಿಡ್ ರಾಬರ್ಟ್‌ಸನ್ ಎಂಬ ವಕೀಲನಿದ್ದ. ಶೀಘ್ರಲಿಪಿ ಬಲ್ಲವನು. 1807ರಲ್ಲಿ ದೇಶದ ಮಾಜಿ ಉಪಾಧ್ಯಕ್ಷ ಆರನ್ ಬರ್ ಮೇಲೆ ದೇಶದ್ರೋಹದ ಮೊಕದ್ದಮೆ ನಡೆದಾಗ ಸರ್ಕಾರದ ಪರ ವರ್ಟ್ ಗಂಟೆಗಟ್ಟಲೆ ವಾದಿಸಿದ. ರಾಬರ್ಟ್‌ಸನ್ ಅದನ್ನು ಕೂತಲ್ಲೇ ಬರೆದುಕೊಂಡ. ಹಾಗಾಗಿ ವರ್ಟ್‌ನ ಭಾಷಣಕ್ಕೆ ದಾಖಲೆ ಇದೆ, ಅವನು ಮೆರೆಸಿದ ಹೆನ್ರಿಯ ಭಾಷಣಕ್ಕಿಲ್ಲ! ಆದರೆ 1788ರ ಜೂನ್‌ನಲ್ಲಿ, ಅದೇ ರಿಚ್ಮಂಡಿನಲ್ಲಿ, ಹೊಸ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಅಂತ ಚರ್ಚೆ ನಡೆದಾಗಲೂ ರಾಬರ್ಟ್‌ಸನ್ ಇದ್ದ. ಹೆನ್ರಿ ಬೇಡ ಅನ್ನುವ ಕಡೆ. ರಾಬರ್ಟ್‌ಸನ್‌ನ ವರದಿಯಲ್ಲೂ ಬಿಟ್ಟುಹೋದದ್ದಿದೆ, ಆದರೂ ಅದು ಕಿವಿಯಿಂದ ನೇರ ಕಾಗದಕ್ಕೆ ಬಂದದ್ದು. ಅಲ್ಲಿ ಹೆನ್ರಿ ಎದ್ದು ನಿಂತು, "ನಾವು, ರಾಜ್ಯಗಳು" ಅನ್ನುವ ಬದಲು "ನಾವು, ಜನರು" ಅಂತ ಸಂವಿಧಾನದ ಶುರುವಿನಲ್ಲಿ ಬರೆಯಲು ಅದನ್ನು ರಚಿಸಿದವರಿಗೆ ಅಧಿಕಾರ ಕೊಟ್ಟವರು ಯಾರು ಅಂತ ಕೇಳುತ್ತಾನೆ. ಆ ಚರ್ಚೆಯಲ್ಲಿ ಅವನ ಕಡೆ 79-89 ಮತಗಳಲ್ಲಿ ಸೋತಿತು.