20 ಮಿಲಿಮೀಟರ್ ತೂತಿನ ಲೆಕ್ಕ

ಎಂಜಿನ್ನಿಗೆ ಪವರ್ ಬರಬೇಕಾ? ದೊಡ್ಡ ಏರ್ ಫಿಲ್ಟರ್ ಹಾಕು, ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಬದಲಿಸು, ಸೈಲೆನ್ಸರ್ ಬಿಚ್ಚು. ಬೆಳಗಾವಿಯ ಗ್ಯಾರೇಜುಗಳಲ್ಲಿ ಈ ಸಲಹೆಗೆ ಬರವಿಲ್ಲ. ಸದ್ದು ಜೋರಾದರೆ ಶಕ್ತಿಯೂ ಜಾಸ್ತಿ ಅನ್ನೋ ನಂಬಿಕೆ ಬಹಳ ಗಟ್ಟಿ. ಫಾರ್ಮುಲಾ ಸ್ಟೂಡೆಂಟ್ ಅನ್ನೋ ವಿದ್ಯಾರ್ಥಿಗಳ ಸ್ಪರ್ಧೆಗೆ ರೇಸ್ ಕಾರು ಕಟ್ಟುವ ಎಂಜಿನಿಯರಿಂಗ್ ಹುಡುಗರೂ ಈ ಮಾತಿಗೆ ಮರುಳಾಗಿ ದುಡ್ಡು ಸುರಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಆ ಸ್ಪರ್ಧೆಯ ನಿಯಮದಲ್ಲೇ ಉತ್ತರ ಇದೆ.

ಎಂಜಿನ್ 710 ಸಿಸಿ ದಾಟಬಾರದು. ಪೆಟ್ರೋಲ್ ಎಂಜಿನ್ ಆದರೆ, ಒಳಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ತೂತಿನಲ್ಲಿ ಹಾದು ಹೋಗಬೇಕು. ಇದಕ್ಕೆ ರೆಸ್ಟ್ರಿಕ್ಟರ್ ಅನ್ನುತ್ತಾರೆ.

ಈ ಪುಟ್ಟ ತೂತಿನ ಭೌತಶಾಸ್ತ್ರ ಎಷ್ಟು ಚೆಂದ ಅಂದರೆ, ಹೇಳದೆ ಇರಲಿಕ್ಕೆ ಆಗಲ್ಲ. ಎಂಜಿನ್ ಗಾಳಿ ಎಳೆಯುತ್ತದೆ ಅನ್ನುತ್ತೇವೆ. ಅದು ಮಾಡೋದು ಒಳಗಿನ ಒತ್ತಡ ಇಳಿಸುವ ಕೆಲಸ ಮಾತ್ರ. ಹೊರಗಿನ ಗಾಳಿ ತಾನಾಗಿ ನುಗ್ಗುತ್ತದೆ. ಒಳಗೆ ಒತ್ತಡ ಇಳಿದ ಸುದ್ದಿ ಹೊರಗಿನ ಗಾಳಿಗೆ ಮುಟ್ಟೋದು ಶಬ್ದದ ವೇಗದಲ್ಲಿ. ತೂತಿನಲ್ಲಿ ಬರುವ ಗಾಳಿಯೇ ಶಬ್ದದ ವೇಗ ಮುಟ್ಟಿಬಿಟ್ಟರೆ? ಮಳೆಗಾಲದ ಘಟಪ್ರಭೆಯಲ್ಲಿ ಸೆಳವಿಗೆ ಎದುರು ಈಜುವವನು ಕೈಕಾಲು ಬಡಿದರೂ ನಿಂತಲ್ಲೇ ಉಳಿಯುತ್ತಾನಲ್ಲ, ಆ ಸುದ್ದಿಯೂ ಹಾಗೇ ಉಳಿಯುತ್ತದೆ. ಆಮೇಲೆ ಎಂಜಿನ್ ಎಷ್ಟೇ ಒತ್ತಡ ಇಳಿಸಲಿ, ಒಂದು ಗ್ರಾಂ ಗಾಳಿಯೂ ಹೆಚ್ಚಿಗೆ ಬರಲ್ಲ. ಸಮುದ್ರ ಮಟ್ಟದಲ್ಲಿ 20 ಮಿ.ಮೀ. ತೂತಿನ ಗರಿಷ್ಠ ಮಿತಿ ಸೆಕೆಂಡಿಗೆ ಸುಮಾರು 74 ಗ್ರಾಂ.

ಈಗ ಎಂಜಿನ್ ಲೆಕ್ಕ ಹಾಕೋಣ. 600 ಸಿಸಿಯ ನಾಲ್ಕು ಸಿಲಿಂಡರ್ ಬೈಕ್ ಎಂಜಿನ್ ನಿಮಿಷಕ್ಕೆ 12,000 ಸುತ್ತಿನಲ್ಲಿ, ಅಂದರೆ 12,000 ಆರ್‌ಪಿಎಂನಲ್ಲಿ ಪೂರ್ತಿ ತುಂಬಿದರೆ ಸೆಕೆಂಡಿಗೆ 60 ಲೀಟರ್, ಅಂದರೆ ಸುಮಾರು 70 ಗ್ರಾಂ ಗಾಳಿ ನುಂಗುತ್ತದೆ. ಮಿತಿ ಹತ್ತಿರ ಬಂದೇಬಿಟ್ಟಿತು. ಅದಕ್ಕಿಂತ ಮೇಲಿನ ಆರ್‌ಪಿಎಂಗೆ ಅಂತ ತಂದ ಕ್ಯಾಮ್ ಇಲ್ಲಿ ದಂಡ.

373 ಸಿಸಿಯ ಸಿಂಗಲ್ ಸಿಲಿಂಡರ್ ಎಂಜಿನ್ 9,000 ಆರ್‌ಪಿಎಂನಲ್ಲೂ ಸರಾಸರಿ 33 ಗ್ರಾಂ ಅಷ್ಟೇ ಕೇಳುತ್ತದೆ. ಹಾಗಾದರೆ ಅದಕ್ಕೆ ತೂತಿನ ಕಾಟ ಇಲ್ಲ ಅಲ್ವಾ? ಇದೆ. ಪಿಸ್ಟನ್ನಿನ ನಾಲ್ಕು ಓಟದಲ್ಲಿ, ಅಂದರೆ ಸ್ಟ್ರೋಕಿನಲ್ಲಿ, ಗಾಳಿ ಬರೋದು ಹೆಚ್ಚುಕಡಿಮೆ ಒಂದರಲ್ಲಿ. ಆ ಕ್ಷಣದ ಬೇಡಿಕೆ ಸರಾಸರಿಯ ಮೂರು-ನಾಲ್ಕು ಪಟ್ಟು, ಅಂದರೆ 100 ಗ್ರಾಂ ಮೀರುತ್ತದೆ. ಅದಕ್ಕೇ ತೂತಿಗೂ ವಾಲ್ವಿಗೂ ನಡುವೆ ಪ್ಲೀನಮ್ ಅನ್ನೋ ಗಾಳಿ ಡಬ್ಬಿ ಬೇಕು. ವಾಲ್ವ್ ಮುಚ್ಚಿದ್ದಾಗಲೂ ತೂತಿನಿಂದ ಗಾಳಿ ಬಂದು ಅದರಲ್ಲಿ ತುಂಬುತ್ತಿರುತ್ತದೆ. ಸಿಂಗಲ್ ಸಿಲಿಂಡರಿಗೆ ಇದಕ್ಕಿಂತ ಒಳ್ಳೆ ಅಪ್‌ಗ್ರೇಡ್ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ರೆಸ್ಟ್ರಿಕ್ಟರ್ ಆಕಾರವೂ ಮುಖ್ಯ. ಮೊದಲು ಕಿರಿದಾಗಿ ಆಮೇಲೆ ನಿಧಾನಕ್ಕೆ ಅಗಲವಾಗುವ ಕೊಳವೆಯನ್ನು 19ನೇ ಶತಮಾನದ ಕೊನೆಗೆ ಸ್ವೀಡನ್ನಿನ ಗುಸ್ತಾಫ್ ಡಿ ಲವಾಲ್ ತನ್ನ ಉಗಿ ಟರ್ಬೈನಿಗೆ ಬಳಸಿದ. ರೆಸ್ಟ್ರಿಕ್ಟರಿಗೂ ಅದೇ ಆಕಾರ. ಅಗಲವಾಗುವ ಭಾಗದಲ್ಲಿ ಗಾಳಿ ವೇಗ ಕಳೆದುಕೊಂಡು ಒತ್ತಡ ವಾಪಸ್ ಪಡೆಯುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇತ್ ಮೇಲೆ ಅಲ್ಯೂಮಿನಿಯಂನಲ್ಲಿ ಇದನ್ನು ತಿರುಗಿಸಬಹುದು. ಆದರೆ ಒಳಗೆ ಕೊರೆಯುವ ಬೋರಿಂಗ್ ಬಾರ್ ಉದ್ದವಾದಷ್ಟೂ ನಡುಗಿ ಒಳಮೈಮೇಲೆ ಗೆರೆ ಬೀಳುತ್ತವೆ. ಎಮರಿ ಪೇಪರಿನಲ್ಲಿ ಉಜ್ಜುವಾಗ ತೂತು 20 ದಾಟಿದರೆ ಆ ಪೀಸ್ ಗುಜರಿಗೆ. ಸ್ವಲ್ಪ ಕಮ್ಮಿ ಇಟ್ಟುಕೊಂಡೇ ಉಜ್ಜಲಿಕ್ಕೆ ಶುರು ಮಾಡಬೇಕು.

ಇಂಥ ತೂತಿಗಾಗಿ ದೊಡ್ಡವರೂ ಅಡ್ಡದಾರಿ ಹಿಡಿದಿದ್ದಾರೆ. 1995ರ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಟೊಯೊಟಾ ತಂಡದ ಟರ್ಬೊ ರೆಸ್ಟ್ರಿಕ್ಟರ್ ಸ್ಪ್ರಿಂಗ್ ಬಲದಿಂದ ಸರಿದು, ಪಕ್ಕದಿಂದ ಗಾಳಿ ಬಿಡುವಂತಿತ್ತು. ಬಿಚ್ಚಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಕಡೆಗೂ ಸಿಕ್ಕಿಬಿದ್ದರು, ಒಂದು ವರ್ಷ ನಿಷೇಧ ಬಿತ್ತು.

ಗಾಳಿ ಇಷ್ಟೇ ಅಂತ ಗೊತ್ತಾದ ಮೇಲೆ, ಪ್ರತಿ ಗ್ರಾಮಿನಿಂದ ಜಾಸ್ತಿ ಕೆಲಸ ತೆಗೆಯೋದೇ ದಾರಿ. ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತೇವೆ ಅನ್ನೋ ಕಂಪ್ರೆಷನ್ ರೇಶಿಯೊ 12ರಿಂದ 14ಕ್ಕೆ ಏರಿಸಿದರೆ ಅಷ್ಟೇ ಗಾಳಿಯಲ್ಲಿ ಪುಸ್ತಕದ ಲೆಕ್ಕಕ್ಕೆ ಸುಮಾರು ಶೇ. 3.5ರಷ್ಟು ಲಾಭ. ಮೇಲಿನ ಆರ್‌ಪಿಎಂನಲ್ಲಿ ಸಿಲಿಂಡರ್ ಪೂರ್ತಿ ತುಂಬದ ಕಾರಣ ಅಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿಯೋದು) ಭಯವೂ ಕಡಿಮೆ. ಕೆಳಗಿನ ಆರ್‌ಪಿಎಂನಲ್ಲಿ ಮಾತ್ರ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಹುಷಾರಾಗಿ ಇಡಬೇಕು. ಗಾಳಿ ಒಳಬಿಡುವ ಇಂಟೇಕ್ ವಾಲ್ವ್ ಬೇಗ ಮುಚ್ಚುವ ಕ್ಯಾಮ್ ಹಾಕಿದರೆ ಟಾರ್ಕ್ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ, ಘರ್ಷಣೆಗೆ ಹೋಗುವ ಶಕ್ತಿಯೂ ಉಳಿಯುತ್ತದೆ.

ಇನ್ನೊಂದು ವಿಷಯ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ಆ ತೂತಿನ ಮಿತಿ 74 ಅಲ್ಲ, 68 ಗ್ರಾಂ. ಈ ಸ್ಪರ್ಧೆಯ ಭಾರತದ ಆವೃತ್ತಿ ಫಾರ್ಮುಲಾ ಭಾರತ್ ನಡೆಯುವ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇರೋದು ಸುಮಾರು 400 ಮೀಟರ್ ಎತ್ತರದಲ್ಲಿ. ಅಲ್ಲಿ ಶೇ. 4ರಷ್ಟು ಜಾಸ್ತಿ ಗಾಳಿ ಸಿಗುತ್ತದೆ. ಇಲ್ಲಿ ಕೂಡಿಸಿದ ಫ್ಯೂಯೆಲ್ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋ ಪಟ್ಟಿ) ಒತ್ತಡದ ಸೆನ್ಸರ್ ನೋಡಿ ನಡೆಯದೆ ಬರೀ ಥ್ರಾಟಲ್ ನೋಡಿ ನಡೆದರೆ, ಅಲ್ಲಿ ಪೆಟ್ರೋಲ್ ಕಮ್ಮಿ ಬಿದ್ದು ಪಿಸ್ಟನ್ ವಿಪರೀತ ಬಿಸಿಯಾಗುತ್ತದೆ. ಆ ಒತ್ತಡದ ಸೆನ್ಸರಿನ ಖರ್ಚು ಕ್ಯಾಮಿನ ಖರ್ಚಿಗಿಂತ ಮೊದಲು ಬರಬೇಕು.