ಹಿಮ್ಮಡಿ ನೋವಿಗೆ ಶಾಕ್‌ವೇವ್: ವಿಮಾನ ಕಂಪನಿಯಲ್ಲಿ ಬೇರುಳ್ಳ ಚಿಕಿತ್ಸೆಯೊಂದರ ಹಿನ್ನೆಲೆ

ವಾಸಿಯಾಗದ ಹಿಮ್ಮಡಿ ನೋವು, ಭುಜದ ನೋವು ಅಥವಾ ಟೆನಿಸ್ ಎಲ್ಬೋ ಎಂದು ಹೋದವರಿಗೆ ಬೆಂಗಳೂರಿನ ಅನೇಕ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಈಗ ಶಾಕ್‌ವೇವ್ ಚಿಕಿತ್ಸೆಯ ಸಲಹೆ ಸಿಗುತ್ತದೆ. ಇದು ಮೂಳೆ ವೈದ್ಯರು ಕಂಡುಹಿಡಿದದ್ದಲ್ಲ, ನೋವು ಕಳೆಯಲೆಂದು ರೂಪುಗೊಂಡದ್ದೂ ಅಲ್ಲ. ಇದರ ಬಗ್ಗೆ ಇಂದಿಗೂ ಕೇಳಿಬರುವ ಪರಸ್ಪರ ವಿರುದ್ಧ ಅಭಿಪ್ರಾಯಗಳಿಗೆ ಕಾರಣ, ಬಹುಮಟ್ಟಿಗೆ, ಅದು ಬೆಳೆದು ಬಂದ ರೀತಿಯಲ್ಲೇ ಇದೆ.

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದೊಳಗೆ ಆಘಾತ ತರಂಗವೊಂದು (ಶಾಕ್‌ವೇವ್) ಹುಟ್ಟಿ ಹಾನಿ ಮಾಡುತ್ತದೆ. ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿಯ ಎಂಜಿನಿಯರುಗಳು ಇದನ್ನು ಅಭ್ಯಾಸ ಮಾಡುತ್ತಿದ್ದರು. ನೀರು ಮತ್ತು ಮೃದು ಅಂಗಾಂಶಗಳಲ್ಲಿ ಹೆಚ್ಚು ತೊಂದರೆ ಮಾಡದೆ ಸಾಗುವ ಈ ತರಂಗ, ಗಟ್ಟಿ ವಸ್ತು ಎದುರಾದಾಗ ತನ್ನ ಶಕ್ತಿಯನ್ನು ಅಲ್ಲಿ ಬಿಟ್ಟುಕೊಡುತ್ತದೆ. ಈ ಗುಣವನ್ನು ಬಳಸಿಕೊಂಡು ಕ್ರಿಸ್ಟಿಯನ್ ಶೌಸಿ ಮತ್ತು ಅವರ ಸಹೋದ್ಯೋಗಿ ವೈದ್ಯರು 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೂತ್ರಪಿಂಡದ ಕಲ್ಲನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಒಡೆದರು. ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿ, ನೀರಿನೊಳಗೇ ವಿದ್ಯುತ್ ಕಿಡಿ ಹಾರಿಸಿ, ಅದರಿಂದ ಎದ್ದ ತರಂಗಗಳನ್ನು ಅಂಡಾಕಾರದ ಲೋಹದ ಬಟ್ಟಲು ಕಲ್ಲಿನ ಮೇಲೆಯೇ ಕೇಂದ್ರೀಕರಿಸುವಂತೆ ಮಾಡಲಾಗುತ್ತಿತ್ತು.

ತರಂಗದ ದಾರಿಯಲ್ಲಿ ಸಿಗುವ ಮೂಳೆಯ ಗತಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆದರೆ 1980ರ ದಶಕದಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಹೊಸ ಮೂಳೆ ಬೆಳೆಯುವ ಲಕ್ಷಣಗಳು ಕಂಡವು. 1991ರಲ್ಲಿ ಬಲ್ಗೇರಿಯಾದ ವಾಲ್ಚಾನೋವ್ ಮತ್ತು ಮಿಖೈಲೋವ್, ಮುರಿದ ಮೂಳೆ ಸಕಾಲದಲ್ಲಿ ಕೂಡಿಕೊಳ್ಳದ 82 ರೋಗಿಗಳಲ್ಲಿ 70 ಮಂದಿಗೆ ಈ ತರಂಗಗಳಿಂದ ಮೂಳೆ ಕೂಡಿತೆಂದು ವರದಿ ಮಾಡಿದರು. ಹೋಲಿಕೆಯ ಗುಂಪು ಇಲ್ಲದ ವರದಿ ಅದು. ಆದರೂ ಮೂಳೆ ವೈದ್ಯರ ಕುತೂಹಲ ಕೆರಳಿಸಲು ಅಷ್ಟು ಸಾಕಾಯಿತು.

ಆಮೇಲೆ ಗಮನ ಸ್ನಾಯುವನ್ನು ಮೂಳೆಗೆ ಬೆಸೆಯುವ ಸ್ನಾಯುರಜ್ಜುಗಳತ್ತ (ಟೆಂಡನ್) ಹೊರಳಿತು. ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣದಂಶ ಕಟ್ಟಿಕೊಂಡು ನೋಯುವವರಿಗೆ, ಮೂತ್ರಪಿಂಡದ ಕಲ್ಲಿನಂತೆ ಅದನ್ನೂ ಪುಡಿ ಮಾಡಬಹುದೆಂಬ ತರ್ಕ ಮೊದಲಿಗಿತ್ತು. ಆದರೆ ಪುಡಿ ಮಾಡಲು ಏನೂ ಇಲ್ಲದ ಹಿಮ್ಮಡಿಯಲ್ಲಿ, ಮೊಣಕೈಯಲ್ಲಿ ಕೆಲವರಿಗೆ ನೋವು ತಗ್ಗಿದಾಗ ಆ ತರ್ಕ ಸಾಲದಾಯಿತು. ಒತ್ತಡದ ಪೆಟ್ಟನ್ನು ಜೀವಕೋಶಗಳು ರಾಸಾಯನಿಕ ಸಂಕೇತವಾಗಿ ಮಾರ್ಪಡಿಸಿಕೊಂಡು ದುರಸ್ತಿಗೆ ತೊಡಗುತ್ತವೆ ಎಂಬುದು ಈಗಿನ ವಿವರಣೆ. ಮೊಲಗಳ ಸ್ನಾಯುರಜ್ಜು ಮೂಳೆಗೆ ಸೇರುವ ಜಾಗದಲ್ಲಿ ಹೊಸ ರಕ್ತನಾಳಗಳು ಮೂಡುವುದನ್ನು ತೈವಾನಿನ ಸಂಶೋಧಕರು 2003ರಲ್ಲಿ ತೋರಿಸಿದರು. ಮೊಲದಲ್ಲಿ ಕಂಡದ್ದೇ ಮನುಷ್ಯನ ನೋವು ಇಳಿಯಲು ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2000ದಲ್ಲಿ ದೀರ್ಘಕಾಲದ ಹಿಮ್ಮಡಿ ನೋವಿಗೆ ಒಸ್ಸಾಟ್ರಾನ್ ಎಂಬ ಯಂತ್ರವನ್ನು ಒಪ್ಪಿತು. ಎರಡೇ ವರ್ಷಗಳಲ್ಲಿ, ಆಸ್ಟ್ರೇಲಿಯಾದಲ್ಲಿ 166 ಮಂದಿಯ ಮೇಲೆ ನಡೆದ ಪರೀಕ್ಷೆ ತೋರಿಕೆಯ ಚಿಕಿತ್ಸೆಗಿಂತ (ಹೋಲಿಕೆಗಾಗಿ ಕೊಡುವ ಹುಸಿ ಚಿಕಿತ್ಸೆ) ಹೆಚ್ಚಿನ ಲಾಭವಿಲ್ಲವೆಂದಿತು. 2003ರಲ್ಲಿ ಜರ್ಮನಿಯ 272 ರೋಗಿಗಳ ಅಧ್ಯಯನವೂ ಅದನ್ನೇ ಹೇಳಿತು. ಆದರೆ ಅದೇ ವರ್ಷ, ಭುಜದಲ್ಲಿ ಸುಣ್ಣದಂಶ ಕಟ್ಟಿದ್ದ 144 ಮಂದಿಯ ಪರೀಕ್ಷೆಯಲ್ಲಿ ಸ್ಪಷ್ಟ ಲಾಭ ಕಂಡಿತು. ಚಿಕಿತ್ಸೆಯ ಶಕ್ತಿಯ ಪ್ರಮಾಣ, ಗುರಿಯಿಡುವ ಕ್ರಮ, ರೋಗಿಗಳ ಆಯ್ಕೆ ಒಂದೊಂದು ಕಡೆ ಒಂದೊಂದು ಬಗೆ. ಸ್ಥಳೀಯ ಅರಿವಳಿಕೆ ಕೊಟ್ಟರೆ ಫಲ ಕುಗ್ಗುತ್ತದೆಂದು ಮುಂದೆ ತಿಳಿದುಬಂದದ್ದು ಹಳೆಯ ಲೆಕ್ಕಗಳನ್ನು ಇನ್ನಷ್ಟು ಗೋಜಲಾಗಿಸಿತು.

ಇದರ ಜೊತೆಗೆ, 1990ರ ದಶಕದ ಕೊನೆಯಲ್ಲಿ ಬಂದ ‘ರೇಡಿಯಲ್’ ಯಂತ್ರದ ತೊಡಕೂ ಇದೆ. ಇದರ ಹಿಡಿಕೆಯೊಳಗಿನ ಕೊಳವೆಯಲ್ಲಿ ಗಾಳಿಯ ಒತ್ತಡ ಒಂದು ಪುಟ್ಟ ಲೋಹದ ತುಂಡನ್ನು ಮುಂದಕ್ಕೆ ತಳ್ಳುತ್ತದೆ. ಅದು ತುದಿಗೆ ಟಕಟಕನೆ ಬಡಿದಾಗ ಎದ್ದ ಅಲೆ, ಜೆಲ್ ಹಚ್ಚಿದ ಚರ್ಮದ ಮೂಲಕ ಸುತ್ತಲೂ ಹರಡುತ್ತದೆ. ಇದರ ಶಕ್ತಿ ಚರ್ಮದ ಬಳಿ ಗರಿಷ್ಠವಾಗಿದ್ದು ಆಳಕ್ಕಿಳಿದಂತೆ ಕ್ಷೀಣಿಸುತ್ತದೆ. ಭೌತಶಾಸ್ತ್ರದ ಲೆಕ್ಕದಲ್ಲಿ ಇದು ಆಘಾತ ತರಂಗವೇ ಅಲ್ಲ, ಒತ್ತಡದ ಅಲೆ ಮಾತ್ರ. ಯಂತ್ರ ಅಗ್ಗವಾದ್ದರಿಂದ ಚಿಕಿತ್ಸೆ ದೊಡ್ಡ ಆಸ್ಪತ್ರೆಯಿಂದ ಸಣ್ಣ ಕ್ಲಿನಿಕ್ಕಿಗೆ ಇಳಿದು ಬಂತು, ಹೆಸರು ಮಾತ್ರ ಹಳೆಯದೇ ಉಳಿಯಿತು. ರೇಡಿಯಲ್ ನಿಷ್ಪ್ರಯೋಜಕ ಎಂದಲ್ಲ. ಹಿಮ್ಮಡಿ ನೋವಿಗೆ ಅದು ನೆರವಾಗುತ್ತದೆಂದು 2008ರ ಅಧ್ಯಯನವೊಂದು ತೋರಿಸಿದೆ. ಆದರೆ ಒಂದು ಯಂತ್ರದ ಫಲಿತಾಂಶವನ್ನು ಇನ್ನೊಂದರ ಜಾಹೀರಾತಿಗೆ ಬಳಸುವುದು ಸರಿಯಲ್ಲ.

ಚಿಕಿತ್ಸೆಗಳನ್ನು ಪರಿಶೀಲಿಸಿ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ, ಸುರಕ್ಷತೆಯ ಬಗ್ಗೆ ದೊಡ್ಡ ಆತಂಕವಿಲ್ಲ, ಪರಿಣಾಮದ ಪುರಾವೆಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬ ನಿಲುವು ತಳೆಯಿತು. ಭುಜದ ನೋವಿನ ಕುರಿತ 32 ಪರೀಕ್ಷೆಗಳನ್ನು 2020ರಲ್ಲಿ ಒಟ್ಟಾಗಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ ವಿಮರ್ಶೆಗೆ ರೋಗಿಗೆ ಗಣನೀಯ ಎನ್ನಬಹುದಾದ ಲಾಭ ಅಷ್ಟಾಗಿ ಕಾಣಲಿಲ್ಲ. ಹಾಗಾಗಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ಹಿಮ್ಮಡಿ ನೋವು ಹೋಗದವರು ಶಸ್ತ್ರಚಿಕಿತ್ಸೆಗೆ ಮುನ್ನ ಇದನ್ನು ಪ್ರಯತ್ನಿಸಿ ನೋಡುವುದರಲ್ಲಿ ಅರ್ಥವಿದೆ; ಬೆನ್ನು, ಕುತ್ತಿಗೆ, ಮಂಡಿ ಎಂದು ಎಲ್ಲ ನೋವಿಗೂ ಒಂದೇ ಪ್ಯಾಕೇಜ್ ಮಾರುವುದನ್ನು ಈ ಪುರಾವೆಗಳು ಸಮರ್ಥಿಸುವುದಿಲ್ಲ. ತರಂಗ ಬೀಳುವ ಜಾಗದಲ್ಲಿ ಗಡ್ಡೆಯಿರುವವರು, ರಕ್ತ ಹೆಪ್ಪುಗಟ್ಟದ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ಅದನ್ನು ಮೊದಲೇ ತಿಳಿಸಬೇಕು. ಯಾವ ಬಗೆಯ ಯಂತ್ರ, ಎಷ್ಟು ಬಾರಿ, ಎಷ್ಟು ಶಕ್ತಿಯಲ್ಲಿ ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ಎಲ್ಲ ರೋಗಿಗಳಿಗೂ ಇದೆ.