ಮಾತ್ರೆ ನುಂಗಿದ ಮೇಲೆ ಬಿಳಿ ರಕ್ತಕಣಗಳ ಪಾಡು

ಮಳೆಗಾಲದಲ್ಲಿ ದಾವಣಗೆರೆಯಲ್ಲಿ ಜ್ವರ ಬಂತೆಂದರೆ ‘ಒಂದು ಅಜಿತ್ರೋಮೈಸಿನ್ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವವರುಂಟು. ಅದು ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಆಂಟಿಬಯೋಟಿಕ್, ಡೆಂಗಿಯಂಥ ವೈರಸ್ ಜ್ವರಕ್ಕೆ ನಾಟುವುದಿಲ್ಲ. ಆದರೆ ನಾಟದಿದ್ದರೂ ಒಳಗೆ ಹೋದದ್ದು ಸುಮ್ಮನಿರುವುದಿಲ್ಲ.

ಪೆನ್ಸಿಲಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟದಂತೆ ತಡೆದು ಅದನ್ನು ಒಡೆಯುತ್ತವೆ. ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಅದರ ಪ್ರೋಟೀನ್ ತಯಾರಿಕೆ ನಿಲ್ಲಿಸಿ ಬೆಳೆಯಗೊಡುವುದಿಲ್ಲ, ಅಷ್ಟೇ. ಉಳಿದದ್ದನ್ನು ನುಂಗಿ ಮುಗಿಸಬೇಕಾದವು ದೇಹವನ್ನು ಕಾಯುವ ಬಿಳಿ ರಕ್ತಕಣಗಳು. ಕೀಮೋಥೆರಪಿಯಿಂದ ಅವು ಕುಸಿದವರಿಗೆ ವೈದ್ಯರು ಕೊಲ್ಲುವ ಔಷಧಿಯನ್ನೇ ಆರಿಸುವುದು ಇದಕ್ಕೇ.

ಒಡೆದ ಬ್ಯಾಕ್ಟೀರಿಯಾದ ಚೂರುಗಳೂ ರಕ್ಷಣಾ ಕಣಗಳನ್ನು ಕೆರಳಿಸುತ್ತವೆ. ಭದ್ರಾ ನಾಲೆಯ ಗದ್ದೆಗಳಲ್ಲಿ ದುಡಿಯುವವರು ಇದನ್ನು ತಿಳಿದಿರಲೇಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರಕ್ಕೆ ಮೊದಲ ಡೋಸ್ ಬಿದ್ದ ಕೆಲವೇ ಗಂಟೆಗಳಲ್ಲಿ ಕೆಲವರಿಗೆ ಚಳಿ-ನಡುಕ ಬಂದು ಜ್ವರ ಏರುತ್ತದೆ, ಬಿಪಿ ಇಳಿಯಲೂಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುವ ಈ ಪ್ರತಿಕ್ರಿಯೆಯನ್ನು ‘ಔಷಧಿ ಒಗ್ಗಲಿಲ್ಲ’ ಎಂದುಕೊಂಡು ನಿಲ್ಲಿಸಿದರೆ ರೋಗ ಉಳಿದುಬಿಡುತ್ತದೆ. ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ತೊಂದರೆ ಅಲರ್ಜಿಯ ಗುರುತುಗಳು. ಅವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡರಲ್ಲಿ ಯಾವುದೆಂದು ವೈದ್ಯರೇ ಹೇಳಬೇಕು.

ಅಜಿತ್ರೋಮೈಸಿನ್ ದಾರಿಯೇ ಬೇರೆ. ಬಿಳಿ ರಕ್ತಕಣಗಳನ್ನು ಕೂಗಿ ಕರೆಯುವ ಸಂಕೇತಗಳನ್ನೇ ಅದು ತಗ್ಗಿಸುತ್ತದೆ. ಹೀಗೆ ಉರಿಯೂತ ತಗ್ಗುವುದರಿಂದ, ಪದೇ ಪದೇ ಉಲ್ಬಣಿಸುವ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವ ಕೆಲವರಿಗೆ ಶ್ವಾಸಕೋಶ ತಜ್ಞರು ದಿನಕ್ಕೆ 250 ಮಿಲಿಗ್ರಾಂನಂತೆ ತಿಂಗಳುಗಟ್ಟಲೆ ಕೊಡುವುದುಂಟು. ಅದಕ್ಕೆ ಮೊದಲು ಇಸಿಜಿ ನೋಡುತ್ತಾರೆ, ಏಕೆಂದರೆ ಈ ಔಷಧಿ ಹೃದಯದ ಬಡಿತದ ಲಯ ಕೆಡಿಸಬಲ್ಲದು.

ಕರುಳಿನ ಮೇಲಿನ ಪೆಟ್ಟು ಹೆಚ್ಚು ದಿನ ಉಳಿಯುತ್ತದೆ. ಮುದ್ದೆ, ಸೊಪ್ಪು, ಕಾಳುಗಳ ಜೀರ್ಣವಾಗದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುಳಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ; ಉರಿಯೂತಕ್ಕೆ ಕಡಿವಾಣ ಹಾಕುವ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಬೆಳೆಯಲು ಅದು ಬೇಕು. ಮಾತ್ರೆಯಿಂದ ಆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಮರಳಿ ನೆಲೆಯೂರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಹಾಗೆಂದು, ಮಗು ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದೆ ಎಂಬ ಒಂದೇ ಕಾರಣಕ್ಕೆ ವಾಡಿಕೆಯ ಲಸಿಕೆ ಮುಂದೂಡಬೇಕಿಲ್ಲ. ನುಂಗುವ ಟೈಫಾಯಿಡ್ ಲಸಿಕೆಯ ಮಾತು ಬೇರೆ: ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ, ಔಷಧಿ ಅದನ್ನೇ ಕೊಂದುಬಿಡಬಹುದು. ಕೊನೆಯ ಡೋಸ್ ಆಗಿ ಕನಿಷ್ಠ 3 ದಿನ ಕಳೆಯಬೇಕು. ಚುಚ್ಚುಮದ್ದಿನ ಟೈಫಾಯಿಡ್ ಲಸಿಕೆಗೆ ಈ ತೊಡಕಿಲ್ಲ.